ಕೈಯಲ್ಲಿರುವ ಫೋನಿನಿಂದ ಜಗತ್ತಿನ ಕೆಲಸಕ್ಕೆ: ಯುವಜನರಿಗೊಂದು ಹೆಜ್ಜೆದಾರಿ

1991ರ ಆಗಸ್ಟ್ 25ರಂದು ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಹುಡುಗನೊಬ್ಬ ಆನ್‌ಲೈನ್ ಚರ್ಚಾಗುಂಪೊಂದಕ್ಕೆ ಸಣ್ಣದೊಂದು ಸಂದೇಶ ಹಾಕಿದ. ತಾನೊಂದು ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಬರೆಯುತ್ತಿದ್ದೇನೆ, ಬರೀ ಹವ್ಯಾಸಕ್ಕೆ, ದೊಡ್ಡದಾಗಿ ಏನೂ ಬೆಳೆಯಲಿಕ್ಕಿಲ್ಲ, ಅದರಲ್ಲಿ ಏನೇನಿದ್ದರೆ ಒಳ್ಳೆಯದು ಅಂತ ನಿಮಗನ್ನಿಸುತ್ತದೆ ಎಂದು ಕೇಳಿದ್ದ. ಆ ಹುಡುಗ ಲಿನಸ್ ಟೊರ್ವಾಲ್ಡ್ಸ್. ಅವನು ಬರೆಯುತ್ತಿದ್ದುದು ಲಿನಕ್ಸ್. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ಒಳಗಿನ ತಿರುಳು ಅದೇ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನಂತರ ಲಿನಕ್ಸ್ ಬಿಟ್ಟು ಬೇರೆಯದು ಉಳಿದಿಲ್ಲ.

ಆ ಸಂದೇಶವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ನನ್ನ ಗಮನ ಸೆಳೆಯುವುದು ಅವನ ಬುದ್ಧಿವಂತಿಕೆಗಿಂತ ಅವನು ಮಾಡಿದ ಕ್ರಮ. ಮೊದಲು ಒಂದಷ್ಟು ಕೆಲಸ ಮಾಡಿದ, ಪೂರ್ತಿಯಾಗುವ ಮುಂಚೆಯೇ ಗೊತ್ತಿಲ್ಲದವರ ಮುಂದೆ ಇಟ್ಟ, ಅವರು ಹೇಳಿದ್ದನ್ನು ಕೇಳಿಸಿಕೊಂಡು ತಿದ್ದಿದ. ಅಂದು ಅವನಿಗಿದ್ದದ್ದು ಒಂದು ಕಂಪ್ಯೂಟರ್ ಮತ್ತು ಕೇಳುವ ಕಿವಿಗಳಿದ್ದ ಒಂದು ಜಾಲ. ಇಂದು ಅವೆರಡೂ ಕೋಟ್ಯಂತರ ಯುವಕ ಯುವತಿಯರ ಬಳಿ ಇವೆ. ಆದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡುವುದಕ್ಕೆ ಬಳಸುತ್ತೇವೆ, ಮಾಡುವುದಕ್ಕಲ್ಲ. ಡಿಜಿಟಲ್ ತಂತ್ರಜ್ಞಾನ ಒಬ್ಬ ವ್ಯಕ್ತಿಗೆ ಬಲ ಕೊಡುವುದು ಅವರು ಏನನ್ನಾದರೂ ಮಾಡಿ ನಾಲ್ಕು ಜನರ ಮುಂದೆ ಇಟ್ಟ ದಿನದಿಂದ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗೆ ಇಡುವುದು ಹೇಗೆ ಅನ್ನುವುದನ್ನು ಕೆಳಗೆ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮೂರು ತಿಂಗಳ ಅವಧಿ ಇಟ್ಟುಕೊಳ್ಳಿ, ದಿನಕ್ಕೊಂದು ಗಂಟೆ ಸಾಕು.

ಎಲ್ಲರಿಗೂ ಈ ಅವಕಾಶ ಸಮನಾಗಿ ಸಿಕ್ಕಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಆಗ ಸುಮಾರು 550 ಕೋಟಿ ಜನ ಇಂಟರ್‌ನೆಟ್ ಬಳಸುತ್ತಿದ್ದರು, 260 ಕೋಟಿ ಜನ ಇನ್ನೂ ಹೊರಗಿದ್ದರು. ಗಂಡಸರಲ್ಲಿ ಶೇ 70ರಷ್ಟು ಜನ ಆನ್‌ಲೈನ್ ಇದ್ದರೆ ಹೆಂಗಸರಲ್ಲಿ ಶೇ 65. ಮನೆಯಲ್ಲಿ ಇರುವ ಒಂದೇ ಫೋನು ತಮ್ಮನ ಕೈಯಲ್ಲಿದ್ದು ಅಕ್ಕ ಕಾಯುತ್ತಿದ್ದರೆ ಈ ಅಂತರ ಆ ಮನೆಯೊಳಗೇ ಇದೆ. ಗ್ರಂಥಾಲಯ ಅಥವಾ ಕಾಲೇಜಿನ ಕಂಪ್ಯೂಟರ್, ದಿನದಲ್ಲಿ ಒಂದು ಗಂಟೆ ಹಂಚಿಕೊಂಡ ಫೋನು, ಇಷ್ಟರಲ್ಲೂ ಮುಂದಿನ ಬಹುಪಾಲು ಹೆಜ್ಜೆಗಳನ್ನು ಇಡಬಹುದು.

1. ವಿಷಯವನ್ನಲ್ಲ, ಕೆಲಸವನ್ನು ಆರಿಸಿಕೊಳ್ಳಿ

"ಕೋಡಿಂಗ್ ಕಲಿಯಬೇಕು", "ಅನಿಮೇಷನ್ ಕಲಿಯಬೇಕು" ಎಂದು ಶುರುಮಾಡಿದವರು ಮೂರನೇ ವಾರಕ್ಕೆ ನಿಂತುಬಿಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೆ ಕೊನೆ ಎಲ್ಲಿದೆ? "ಒಂದೇ ಪಾತ್ರವಿರುವ 30 ಸೆಕೆಂಡಿನ ಅನಿಮೇಷನ್ ಮಾಡಬೇಕು" ಎಂದುಕೊಂಡು ನೋಡಿ. ಎಲ್ಲಿಗೆ ಹೋಗಬೇಕು, ಯಾವಾಗ ಮುಗಿಯಿತು ಎಂಬುದು ಈಗ ನಿಮಗೆ ಗೊತ್ತು. ಏನು ಕಲಿಯಬೇಕು ಎಂಬುದೂ ತಾನಾಗಿಯೇ ಗೊತ್ತಾಗುತ್ತಾ ಹೋಗುತ್ತದೆ.

ಕೆಲಸ ಹುಡುಕುವುದಕ್ಕೆ ದೂರ ಹೋಗಬೇಕಾಗಿಲ್ಲ. ಮಲಾವಿ ದೇಶದ ವಿಲಿಯಂ ಕಂಕ್ವಾಂಬಾನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಬರದಿಂದಾಗಿ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗ ಸಣ್ಣ ಗ್ರಂಥಾಲಯವೊಂದರಲ್ಲಿ ಸಿಕ್ಕ ಪುಸ್ತಕದ ಚಿತ್ರಗಳನ್ನು ನೋಡಿಕೊಂಡು, ಹಳೆಯ ಸೈಕಲ್ಲಿನ ಭಾಗ, ಮರದ ಕಂಬ, ಬಿಸಾಡಿದ ಸಾಮಾನುಗಳಿಂದ ಗಾಳಿಯಂತ್ರ ಕಟ್ಟಿ ಮನೆಯಲ್ಲಿ ಬಲ್ಬು ಉರಿಸಿದ. ಅವನ ಬಳಿ ಇಂಟರ್‌ನೆಟ್ ಇರಲಿಲ್ಲ. 2006ರಲ್ಲಿ ಒಂದು ಪತ್ರಿಕೆ ಅದರ ಬಗ್ಗೆ ಬರೆಯಿತು, ಅಲ್ಲಿಂದ ಸುದ್ದಿ ಜಾಲತಾಣಗಳಿಗೆ ಹಬ್ಬಿತು, 2007ರಲ್ಲಿ ಟಾಂಜಾನಿಯಾದ ಅರುಷಾದಲ್ಲಿ ನಡೆದ ಟೆಡ್ ಎಂಬ ಭಾಷಣ ವೇದಿಕೆಯ ಮೇಲೆ ಅವನಿದ್ದ. ಮನೆಯ ಕತ್ತಲೆಗೆಂದು ಮಾಡಿದ್ದು ಜಗತ್ತಿಗೆ ಕಾಣುವಂತಾದದ್ದು ಜಾಲದಿಂದ. ಆದರೆ ಕಾಣಿಸುವುದಕ್ಕೆ ಮೊದಲು ಗಾಳಿಯಂತ್ರ ತಿರುಗಬೇಕಿತ್ತು.

ಹಾಗಾಗಿ ಒಂದು ಕಾಗದ ತೆಗೆದುಕೊಂಡು, ಈ ವಾರ ನಿಮಗೆ ಅಥವಾ ಹತ್ತಿರದವರಿಗೆ ಕಿರಿಕಿರಿ ಮಾಡಿದ ಐದು ಸಂಗತಿ ಬರೆಯಿರಿ. ಅವುಗಳಲ್ಲಿ ಯಾವುದನ್ನು ಒಂದು ಪುಟ, ಒಂದು ನಕ್ಷೆ, ಒಂದು ಸಣ್ಣ ವಿಡಿಯೊ ಅಥವಾ ಒಂದು ಲೆಕ್ಕದ ಹಾಳೆ ಸ್ವಲ್ಪ ಹಗುರ ಮಾಡೀತು ನೋಡಿ. ಅದೇ ನಿಮ್ಮ ಕೆಲಸ. ಮೂರು ತಿಂಗಳಲ್ಲಿ ಮುಗಿಯುವುದಿಲ್ಲ ಎನಿಸಿದರೆ ಅರ್ಧ ಮಾಡಿ, ಇನ್ನೂ ದೊಡ್ಡದೆನಿಸಿದರೆ ಅದರಲ್ಲೂ ಅರ್ಧ.

2. ಮೊದಲು ಬಾಗಿಲು ಭದ್ರ ಮಾಡಿ

ಇದು ಒಂದು ಸಂಜೆಯ ಕೆಲಸ, ಆದರೆ ಮುಂದೂಡಬೇಡಿ. ನಿಮ್ಮ ಎಲ್ಲ ಖಾತೆಗಳ ಬೀಗದ ಕೈ ನಿಮ್ಮ ಇಮೇಲ್. ಅದು ಕೈತಪ್ಪಿದರೆ "ಪಾಸ್‌ವರ್ಡ್ ಮರೆತಿದ್ದೇನೆ" ಎಂಬ ಒಂದು ಗುಂಡಿಯಿಂದ ಉಳಿದದ್ದೆಲ್ಲ ಹೋಗುತ್ತದೆ. ಇಮೇಲ್‌ಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಭದ್ರವಾಗಿಡಿ. ಉಳಿದ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳಲು ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್ ಇದೆ. ಓಟಿಪಿ ಯಾರು ಕೇಳಿದರೂ ಹೇಳಬೇಡಿ. ಕೆಲಸಕ್ಕೆಂದೇ ನಿಮ್ಮ ಹೆಸರಿರುವ ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ, ಮನೆ ವಿಳಾಸ, ಹುಟ್ಟಿದ ದಿನಾಂಕ, ಫೋನ್ ನಂಬರುಗಳನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ.

3. ಕಲಿಯಿರಿ, ಆದರೆ ವಿಡಿಯೊ ನಿಲ್ಲಿಸಿ ಕಲಿಯಿರಿ

ಕಲಿಯಲು ಬೇಕಾದದ್ದು ಈಗ ಹೆಚ್ಚಾಗಿ ಉಚಿತವಾಗಿಯೇ ಸಿಗುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳ ಸಾಮಗ್ರಿಯನ್ನು ಯಾರು ಬೇಕಾದರೂ ಓದುವಂತೆ ಬಿಡುತ್ತೇವೆಂದು 2001ರಲ್ಲಿ ಘೋಷಿಸಿದಾಗ ಅದು ಅಚ್ಚರಿಯ ಸುದ್ದಿಯಾಗಿತ್ತು. ಸಲ್ಮಾನ್ ಖಾನ್ (ಸಿನಿಮಾ ನಟನಲ್ಲ) ಎಂಬವರು 2004ರಲ್ಲಿ ದೂರದಲ್ಲಿದ್ದ ಸಂಬಂಧಿ ಹುಡುಗಿಗೆ ಲೆಕ್ಕ ಹೇಳಿಕೊಡಲು ಶುರುಮಾಡಿದ್ದು ಮುಂದೆ ಖಾನ್ ಅಕಾಡೆಮಿ ಎಂಬ ಉಚಿತ ಪಾಠಗಳ ತಾಣ ಆಯಿತು. ಹಾರ್ವರ್ಡ್‌ನ ಸಿಎಸ್50 ಎಂಬ ಕಂಪ್ಯೂಟರ್ ವಿಜ್ಞಾನದ ಆರಂಭಿಕ ಕೋರ್ಸನ್ನು ಯಾರು ಬೇಕಾದರೂ ದುಡ್ಡು ಕೊಡದೆ ಕಲಿಯಬಹುದು. ಸಲಕರಣೆಗಳೂ ಹಾಗೇ: ಚಿತ್ರಕ್ಕೆ ಕ್ರೀಟಾ, ಧ್ವನಿಗೆ ಆಡಾಸಿಟಿ, ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್, ಅನಿಮೇಷನ್‌ಗೆ ಬ್ಲೆಂಡರ್. ಬ್ಲೆಂಡರ್ ಕಥೆ ಚೆನ್ನಾಗಿದೆ. ಅದನ್ನು ಮಾಡಿದ ಕಂಪನಿ ನಿಂತುಹೋದಾಗ ಬಳಕೆದಾರರೇ 2002ರಲ್ಲಿ ಏಳು ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಅದನ್ನು ಎಲ್ಲರ ಸ್ವತ್ತಾಗಿಸಿದರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ತಯಾರಾದದ್ದು ಅದೇ ಬ್ಲೆಂಡರ್‌ನಲ್ಲಿ. ನೀವು ಇಂದು ರಾತ್ರಿ ಡೌನ್‌ಲೋಡ್ ಮಾಡಿಕೊಳ್ಳುವ ಬ್ಲೆಂಡರ್ ಅದಕ್ಕಿಂತ ಕಡಿಮೆಯದೇನಲ್ಲ.

ಕೊರತೆ ಇರುವುದು ಸಾಮಗ್ರಿಯಲ್ಲಲ್ಲ, ಕಲಿಯುವ ರೀತಿಯಲ್ಲಿ. ಹತ್ತು ಕೋರ್ಸಿಗೆ ಹೆಸರು ನೋಂದಾಯಿಸಬೇಡಿ, ಒಂದು ಸಾಕು. ವಿಡಿಯೊ ಹತ್ತು ನಿಮಿಷ ನೋಡಿದ ಮೇಲೆ ಮುಚ್ಚಿಡಿ. ಈಗ ನೋಡಿದ್ದನ್ನು ನೀವೇ ಮಾಡಿ. ಮೊದಲ ಸಲ ಕೈ ಓಡುವುದಿಲ್ಲ. ಎಲ್ಲಿ ನಿಂತಿತೋ ಅಷ್ಟು ಭಾಗವನ್ನು ಮಾತ್ರ ತಿರುಗಿ ನೋಡಿ. ನೋಡುತ್ತಿರುವಾಗ ಎಲ್ಲ ಅರ್ಥವಾಯಿತು ಅನ್ನಿಸುವುದು ಬೇರೆ, ಬಿಳಿ ಪರದೆಯ ಮುಂದೆ ಕೂತಾಗ ಕೈಗೆ ಬರುವುದು ಬೇರೆ. ಪರಭಾಷೆಯ ಪಾಠವಾದರೆ ವೇಗ ತಗ್ಗಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ, ಗೊತ್ತಿಲ್ಲದ ಪದಗಳನ್ನು ನಿಮ್ಮ ಭಾಷೆಯ ವಿವರಣೆಯೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕೇ ಮುಂದೊಂದು ದಿನ ನಿಮ್ಮ ಭಾಷೆಯ ಬೇರೆಯವರಿಗೆ ಪಾಠವಾಗುತ್ತದೆ.

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಮೇಲೆ ಕಲಿಕೆಯ ರೂಪವೇ ಬದಲಾಗಿದೆ. ಕೃತಕ ಬುದ್ಧಿಮತ್ತೆಯನ್ನು ಬಳಸಬೇಡಿ ಎನ್ನುವವರ ಪೈಕಿ ನಾನಲ್ಲ. ತಾಳ್ಮೆಯಿಂದ ನೂರು ಸಲ ಹೇಳಿಕೊಡುವ ಮೇಷ್ಟ್ರು ಎಲ್ಲರಿಗೂ ಎಲ್ಲಿ ಸಿಗುತ್ತಾರೆ? ಆದರೆ ಅದನ್ನು ಮೇಷ್ಟ್ರ ಹಾಗೇ ಬಳಸಿ, ಕೂಲಿಯಾಳಿನ ಹಾಗಲ್ಲ. "ಈ ಪ್ರೋಗ್ರಾಂ ಬರೆದುಕೊಡು" ಎನ್ನುವ ಬದಲು "ನಾನು ಬರೆದ ಈ ಐದು ಸಾಲಿನಲ್ಲಿ ಮೂರನೆಯದು ಏಕೆ ತಪ್ಪು ಉತ್ತರ ಕೊಡುತ್ತಿದೆ? ಉತ್ತರ ಹೇಳಬೇಡ, ಸುಳಿವು ಕೊಡು" ಎಂದು ಕೇಳಿ ನೋಡಿ. ಅದು ಹೇಳಿದ ಇಸವಿ, ಅಂಕಿ, ಹೆಸರುಗಳನ್ನು ಮೂಲ ದಾಖಲೆಯಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಗೊತ್ತಿಲ್ಲದ್ದನ್ನೂ ಅದು ಗೊತ್ತಿರುವಷ್ಟೇ ನಯವಾಗಿ ಹೇಳುತ್ತದೆ. ನೀವು ನಾಲ್ಕು ಜನರೆದುರು ವಿವರಿಸಲಾಗದ ಒಂದು ಸಾಲೂ ನಿಮ್ಮ ಕೆಲಸದಲ್ಲಿ ಇರಬಾರದು.

4. ಎಲ್ಲರೂ ಸೇರಿ ಮಾಡುವ ಕೆಲಸಕ್ಕೆ ಒಮ್ಮೆ ಕೈ ಹಚ್ಚಿ

ಸ್ವಂತ ಕೆಲಸ ಅರ್ಧಕ್ಕೆ ಬಂದಿರುವಾಗಲೇ, ಅಂದರೆ ಎರಡನೇ ತಿಂಗಳಿನಲ್ಲಿ, ಇದನ್ನು ಮಾಡಿ. ಜಗತ್ತಿನ ಜೊತೆ ಕೆಲಸ ಮಾಡುವುದೆಂದರೆ ಏನು ಎಂಬುದು ಇಲ್ಲಿ ಗೊತ್ತಾದಷ್ಟು ಇನ್ನೆಲ್ಲೂ ಗೊತ್ತಾಗುವುದಿಲ್ಲ.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಸರಿಯಾದ ಡಿಜಿಟಲ್ ನಕ್ಷೆ ಇರಲಿಲ್ಲ. ಯಾವ ಬೀದಿಯಿಂದ ಹೋದರೆ ಗಾಯಾಳುಗಳನ್ನು ಮುಟ್ಟಬಹುದು ಎಂಬುದು ರಕ್ಷಣಾ ತಂಡಗಳಿಗೆ ಗೊತ್ತಿಲ್ಲ. ಬೇರೆ ಬೇರೆ ದೇಶಗಳಲ್ಲಿ ತಮ್ಮ ಮನೆಗಳಲ್ಲಿ ಕೂತಿದ್ದ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಬೀದಿ, ಕುಸಿದ ಕಟ್ಟಡ, ನಿರಾಶ್ರಿತರ ಶಿಬಿರಗಳನ್ನು ಎಲ್ಲರೂ ಸೇರಿ ತಿದ್ದುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಒಂದೊಂದಾಗಿ ಗುರುತಿಸುತ್ತಾ ಹೋದರು. ಅವರಲ್ಲಿ ಹೆಚ್ಚಿನವರು ಆ ನಗರವನ್ನು ಕಂಡವರಲ್ಲ. ಕೆಲವೇ ದಿನಗಳಲ್ಲಿ ಸಿದ್ಧವಾದ ಆ ನಕ್ಷೆ ರಕ್ಷಣಾ ತಂಡಗಳ ಕೈಯಲ್ಲಿತ್ತು.

ಆ ಯೋಜನೆಗೆ ಇಂದೂ ಯಾರು ಬೇಕಾದರೂ ಸೇರಬಹುದು. ಉಚಿತ ಖಾತೆ ತೆರೆದು, ನಿಮಗೆ ಕಾಲಿಗೆ ಪರಿಚಯವಿರುವ ಒಂದೇ ಒಂದು ರಸ್ತೆಗೆ ನಕ್ಷೆಯನ್ನು ಹತ್ತಿರ ತನ್ನಿ. ಅಲ್ಲಿ ಏನಿಲ್ಲ ನೋಡಿ: ಒಂದು ಕುಡಿಯುವ ನೀರಿನ ನಲ್ಲಿ, ಔಷಧಿ ಅಂಗಡಿ, ಗಾಲಿಕುರ್ಚಿ ಹತ್ತಲಾಗದ ಮೆಟ್ಟಿಲು. "ಎಡಿಟ್" ಒತ್ತಿ ಅದನ್ನು ಗುರುತಿಸಿ, ಏನು ಬದಲಾಯಿಸಿದಿರಿ ಎಂದು ಒಂದು ಸಾಲು ಬರೆದು ಉಳಿಸಿ. ಬೇರೆ ಕಂಪನಿಯ ನಕ್ಷೆಯಿಂದ ನೋಡಿ ಹಾಕಬೇಡಿ, ಅದಕ್ಕೆ ಹಕ್ಕುಸ್ವಾಮ್ಯದ ತೊಡಕಿದೆ; ಕಣ್ಣಾರೆ ಕಂಡದ್ದನ್ನು ಮಾತ್ರ ಹಾಕಿ. ಆಂಡ್ರಾಯ್ಡ್ ಫೋನಿದ್ದರೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ನಡೆಯುತ್ತಿರುವಾಗಲೇ "ಈ ರಸ್ತೆಗೆ ಡಾಂಬರು ಹಾಕಿದೆಯೇ?" ಎಂಬಂಥ ಸಣ್ಣ ಪ್ರಶ್ನೆ ಕೇಳಿ ನಿಮ್ಮ ಉತ್ತರವನ್ನು ನಕ್ಷೆಗೆ ಸೇರಿಸುತ್ತದೆ.

ನಕ್ಷೆ ರುಚಿಸದಿದ್ದರೆ ವಿಕಿಪೀಡಿಯಾ ಇದೆ. ಅದು 300ಕ್ಕೂ ಹೆಚ್ಚು ಭಾಷೆಗಳಲ್ಲಿದ್ದು ಹೆಚ್ಚಿನವುಗಳಲ್ಲಿ ಲೇಖನಗಳ ಬರ ಇದೆ, ನಿಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಪ್ಯಾರಾ ಸೇರಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ವಿಜ್ಞಾನದಲ್ಲಿ ಆಸಕ್ತಿಯಿದ್ದರೆ, ಸಾಮಾನ್ಯ ಜನ ವಿಜ್ಞಾನಿಗಳ ಕೆಲಸಕ್ಕೆ ಕೈಜೋಡಿಸುವ ಝೂನಿವರ್ಸ್ ತಾಣ ನೋಡಿ. ಅದಕ್ಕೆ ಮೂಲವಾದ ಗ್ಯಾಲಕ್ಸಿ ಝೂ 2007ರಲ್ಲಿ ಶುರುವಾದಾಗ ನೆದರ್‌ಲೆಂಡ್ಸ್‌ನ ಯುವ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಗೆಲಾಕ್ಸಿಗಳ ಚಿತ್ರಗಳನ್ನು ವಿಂಗಡಿಸುತ್ತಾ, ಇದೇನಿದು ಎಂದು ಒಂದು ವಿಚಿತ್ರ ಕಲೆಯ ಬಗ್ಗೆ ಕೇಳಿದಳು. ಖಗೋಳ ವಿಜ್ಞಾನಿಗಳಿಗೂ ಅದೇನೆಂದು ಗೊತ್ತಿರಲಿಲ್ಲ. ಹಬಲ್ ದೂರದರ್ಶಕವೇ ಅತ್ತ ತಿರುಗಿತು. ಆ ಅನಿಲರಾಶಿಗೆ ಈಗ ಅವಳದೇ ಹೆಸರಿದೆ.

ನಾನು ಮೊದಲ ಸಲ ಇಂಥ ಯೋಜನೆಯೊಂದಕ್ಕೆ ತಿದ್ದುಪಡಿ ಕಳಿಸಿದಾಗ ಉತ್ಸಾಹದಲ್ಲಿ ಹದಿನಾಲ್ಕು ಫೈಲ್‌ಗಳನ್ನು ಒಟ್ಟಿಗೆ ಬದಲಾಯಿಸಿದ್ದೆ. ಮರುದಿನ ಅದು ವಾಪಸ್ ಬಂತು, ಕೆಳಗೆ ಒಂದೇ ಸಾಲು: "ಒಂದು ಸಲಕ್ಕೆ ಒಂದೇ ಬದಲಾವಣೆ ಕಳಿಸಿ, ನೋಡುತ್ತೇವೆ." ಎರಡು ದಿನ ಮುಖ ಕಂದಿಸಿಕೊಂಡು ಕೂತಿದ್ದೆ. ಮೂರನೇ ದಿನ ಒಂದು ಕಾಗುಣಿತದ ತಪ್ಪನ್ನಷ್ಟೇ ತಿದ್ದಿ ಕಳಿಸಿದೆ. ಅದು ಒಪ್ಪಿಗೆಯಾದ ಇಮೇಲ್ ಇನ್ನೂ ಇಟ್ಟುಕೊಂಡಿದ್ದೇನೆ. ಹೆಸರು, ಊರು, ಡಿಗ್ರಿ ಏನನ್ನೂ ಕೇಳದೆ ಯಾರೋ ನನ್ನ ಕೆಲಸವನ್ನು ಕೂತು ಓದಿದ್ದರು. ನಿಮ್ಮದೂ ವಾಪಸ್ ಬರಬಹುದು. ಬಂದರೆ ಅದರ ಕೆಳಗಿನ ಟಿಪ್ಪಣಿಯನ್ನು ಪಾಠದಂತೆ ಓದಿ.

5. ಪ್ರಶ್ನೆ ಕೇಳುವ ಬಗೆ

"ನನ್ನ ಪ್ರೋಗ್ರಾಂ ಓಡುತ್ತಿಲ್ಲ, ದಯವಿಟ್ಟು ಅರ್ಜೆಂಟ್ ಸಹಾಯ ಮಾಡಿ" ಎಂಬ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ. ಅಹಂಕಾರದಿಂದಲ್ಲ, ಉತ್ತರಿಸಲು ಅದರಲ್ಲಿ ಏನೂ ಇಲ್ಲ. ಅದೇ ಪ್ರಶ್ನೆಯನ್ನು ಹೀಗೆ ಕೇಳಬಹುದು:

"ಒಂದು ಪಟ್ಟಿಯ ಸಂಖ್ಯೆಗಳನ್ನು ಕೂಡಿಸುವ ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೇನೆ. 10, 20, 30 ಕೊಟ್ಟರೆ 60 ಬರಬೇಕು, ಆದರೆ 102030 ಬರುತ್ತಿದೆ. ಕೆಳಗೆ ಆರು ಸಾಲಿನ ಕೋಡ್ ಇದೆ. ಫೈಲ್‌ನಿಂದ ಓದಿದ ಸಂಖ್ಯೆಗಳು ಪಠ್ಯವಾಗಿಯೇ ಉಳಿದಿವೆಯೇನೋ ಎಂಬ ಅನುಮಾನ, ಅದನ್ನು ಪರೀಕ್ಷಿಸುವುದು ಹೇಗೆ?"

ಏನು ಮಾಡುತ್ತಿದ್ದೀರಿ, ಏನು ಬರಬೇಕಿತ್ತು, ಏನು ಬಂತು, ನಿಮ್ಮ ಊಹೆ ಏನು. ಇಷ್ಟು ಬರೆಯುವಷ್ಟರಲ್ಲಿ ಎಷ್ಟೋ ಸಲ ಉತ್ತರ ನಿಮಗೇ ಹೊಳೆದಿರುತ್ತದೆ. ಕಳಿಸಿದ ಮೇಲೆ ಎರಡು ಮೂರು ದಿನ ಕಾಯಿರಿ, ಉತ್ತರ ಬಲ್ಲವರ ದೇಶದಲ್ಲಿ ಈಗ ನಡುರಾತ್ರಿ ಇರಬಹುದು. ಮಾತುಕತೆಗೆ ಸಮಯ ನಿಗದಿ ಮಾಡುವಾಗ "ಸಂಜೆ ಆರಕ್ಕೆ" ಎನ್ನಬೇಡಿ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿ ಎಷ್ಟು ಗಂಟೆ ಎಂದು ಬರೆಯಿರಿ. ಉತ್ತರ ಸಿಕ್ಕಿ ಕೆಲಸವಾದರೆ, ಹೀಗೆ ಸರಿಹೋಯಿತು ಎಂದು ಅಲ್ಲೇ ಹಾಕಿ. ನಾಳೆ ಅದೇ ತೊಂದರೆಯಲ್ಲಿ ಹುಡುಕಿಕೊಂಡು ಬರುವ ಇನ್ನೊಬ್ಬರಿಗೆ ಅದು ಬೇಕು.

6. ನಿಮ್ಮದೇ ಒಂದು ಪುಟ

ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಕೆಲಸ ಎರಡು ದಿನಕ್ಕೆ ಕೆಳಗೆ ಸರಿದು ಮಾಯವಾಗುತ್ತದೆ. ಶಾಶ್ವತವಾದ ಲಿಂಕ್ ಇರುವ ಒಂದು ಪುಟ ಬೇಕು. ಗಿಟ್‌ಹಬ್‌ನಂಥ ತಾಣಗಳಲ್ಲಿ ಉಚಿತವಾಗಿ ಮಾಡಿಕೊಳ್ಳಬಹುದು. ಅದರ ಹಿಂದಿರುವ ಗಿಟ್ ಎಂಬ ಸಲಕರಣೆಯನ್ನು 2005ರಲ್ಲಿ ಬರೆದವರೂ ಅದೇ ಟೊರ್ವಾಲ್ಡ್ಸ್. ಯಾರು, ಯಾವಾಗ, ಯಾವ ಸಾಲು ಬದಲಾಯಿಸಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ, ಹಾಗಾಗಿ ನಿಮ್ಮ ಮೂರು ತಿಂಗಳ ಶ್ರಮವನ್ನು ಇನ್ನೊಬ್ಬರು ಕಣ್ಣಿನಿಂದಲೇ ನೋಡಬಹುದು.

ಪುಟದಲ್ಲಿ ಏನು ಬರೆಯಬೇಕು? ಈ ಕೆಲಸ ಏಕೆ ಮಾಡಿದಿರಿ, ಹೇಗೆ ಮಾಡಿದಿರಿ, ಎಲ್ಲಿ ಎಡವಿದಿರಿ, ಇನ್ನೂ ಏನು ಬಾಕಿ ಇದೆ. ಎಡವಿದ್ದನ್ನು ಮುಚ್ಚಿಡಬೇಡಿ, ಓದುವವರಿಗೆ ನಂಬಿಕೆ ಬರುವುದು ಅಲ್ಲೇ. ಯಾರ ಚಿತ್ರ, ಯಾರ ಸಂಗೀತ ಬಳಸಿದಿರಿ ಎಂದು ಹೆಸರು ಹೇಳಿ. ನಿಮ್ಮದನ್ನು ಇತರರು ಬಳಸಬಹುದೇ ಎಂಬುದನ್ನೂ ತಿಳಿಸಿ, ಹೆಸರು ಉಲ್ಲೇಖಿಸಿ ಬಳಸಿಕೊಳ್ಳಿ ಎನ್ನುವುದಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ. ವೆಬ್ ಇಂದು ಎಲ್ಲರದ್ದಾಗಿರುವುದಕ್ಕೆ ಕಾರಣವೂ ಅಂಥದ್ದೇ: ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಅದನ್ನು ಸಂಸ್ಥೆ 1993ರ ಏಪ್ರಿಲ್ 30ರಂದು ರಾಯಧನ ಕೇಳದೆ ಜಗತ್ತಿಗೆ ಬಿಟ್ಟುಕೊಟ್ಟಿತು.

ಎಲ್ಲ ಫೈಲ್‌ಗಳ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ.

7. ದುಡ್ಡಿನ ವಿಷಯ

ಕೆಲಸ ಕಂಡವರು ಯಾರಾದರೂ ಕೇಳಿಕೊಂಡು ಬಂದಾರು, ಅಥವಾ ನೀವೇ ಫ್ರೀಲಾನ್ಸ್ ತಾಣಗಳಲ್ಲಿ ಕೆಲಸ ಹುಡುಕುತ್ತೀರಿ. ಶುರುಮಾಡುವ ಮೊದಲು ಏನು ಮಾಡಿಕೊಡಬೇಕು, ಯಾವಾಗ, ಎಷ್ಟಕ್ಕೆ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದು ಇಮೇಲ್‌ನಲ್ಲಿ ಬರಹ ರೂಪದಲ್ಲಿರಲಿ. ದೊಡ್ಡ ಕೆಲಸವನ್ನು ತುಂಡು ಮಾಡಿ ಪ್ರತಿ ತುಂಡಿಗೂ ಹಣ ಪಡೆಯಿರಿ. ತಾಣದ ಕಮಿಷನ್, ಕರೆನ್ಸಿ ಬದಲಾಯಿಸುವ ಶುಲ್ಕ, ನಿಮ್ಮ ದೇಶದ ತೆರಿಗೆ ಇವೆಲ್ಲ ಕಳೆದು ಕೈಗೆ ಬರುವುದೆಷ್ಟು ಎಂದು ಲೆಕ್ಕ ಹಾಕಿಯೇ ದರ ಹೇಳಿ.

ಇನ್ನು ಮೋಸ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ಹೆಚ್ಚಾಗಿ ಬೀಳುವವರು ಮೊದಲ ಸಂಪಾದನೆಯ ಆಸೆಯಲ್ಲಿರುವವರೇ. ಕೆಲಸ ಕೊಡುವವರು ನಿಮ್ಮಿಂದ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಠೇವಣಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ವಿಡಿಯೊಗಳಿಗೆ ಲೈಕ್ ಒತ್ತಿದರೆ ದುಡ್ಡು ಎಂದು ಮೊದಲೆರಡು ದಿನ ಸಣ್ಣ ಮೊತ್ತ ಹಾಕಿ, ಆಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವುದು ಇದರದೇ ಇನ್ನೊಂದು ರೂಪ. ಎಲ್ಲಕ್ಕಿಂತ ಅಪಾಯದ್ದು: "ನಿಮ್ಮ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸಿ." ಅದು ಬೇರೆ ಯಾರಿಂದಲೋ ಕದ್ದ ಹಣ, ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಖಾತೆಯನ್ನು ಗೆಳೆಯನಿಗೂ ಬಾಡಿಗೆಗೆ ಕೊಡಬೇಡಿ.

8. ಮೊದಲ ಇಮೇಲ್

ಮೂರು ತಿಂಗಳು ಮುಗಿಯುವ ವಾರ, ನಿಮ್ಮ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಮೂವರನ್ನು ಹುಡುಕಿ. ತೀರಾ ಪ್ರಸಿದ್ಧರು ಬೇಡ, ನಿಮಗಿಂತ ನಾಲ್ಕೈದು ವರ್ಷ ಮುಂದಿರುವವರು ಸಾಕು. ಅವರ ಕೆಲಸವನ್ನು ನಿಜವಾಗಿ ನೋಡಿ, ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. ಇಷ್ಟು ಉದ್ದ ಸಾಕು:

"ನಮಸ್ಕಾರ. ನೀವು ನಡಿಗೆಯ ಅನಿಮೇಷನ್ ಬಗ್ಗೆ ಬರೆದದ್ದನ್ನು ಓದಿ, ನನ್ನ ಮೊದಲ 30 ಸೆಕೆಂಡಿನ ಚಿತ್ರದಲ್ಲಿ ಅದನ್ನು ಬಳಸಿದೆ. ಲಿಂಕ್ ಕೆಳಗಿದೆ. 12ನೇ ಸೆಕೆಂಡಿನಲ್ಲಿ ಪಾತ್ರ ತಿರುಗುವಾಗ ಪಾದ ಜಾರಿದಂತೆ ಕಾಣುತ್ತಿದೆ, ಮೂರು ರೀತಿ ಪ್ರಯತ್ನಿಸಿದೆ, ಸರಿಹೋಗಲಿಲ್ಲ. ನಾನು ಎಲ್ಲಿ ನೋಡಬೇಕು ಎಂದು ಒಂದು ಸಾಲು ಬರೆದರೆ ಸಾಕು."

ಬಯೋಡೇಟಾ ಲಗತ್ತಿಸಬೇಡಿ, ಕೆಲಸ ಕೊಡಿ ಎಂದೂ ಕೇಳಬೇಡಿ. ಮೂವರಲ್ಲಿ ಒಬ್ಬರು ಉತ್ತರಿಸಬಹುದು. ಹತ್ತು ದಿನ ಬಿಟ್ಟು ಒಮ್ಮೆ ಮಾತ್ರ ನೆನಪಿಸಿ. ಉತ್ತರ ಬಂದರೆ ಅವರು ಹೇಳಿದ್ದನ್ನು ಅದೇ ವಾರ ಮಾಡಿ ನೋಡಿ, ಪಾದ ಈಗ ಜಾರುತ್ತಿಲ್ಲ ಎಂದು ಹೊಸ ಲಿಂಕ್‌ನೊಂದಿಗೆ ತಿರುಗಿ ಬರೆಯಿರಿ.